ಸಾಹೇಬರ ಮನೆ ಮುಂದಿನ ಶೇಂಗಾ ಹೊಲ

ಕೂಡ್ಲಿಗಿಯ ಸರ್ಕಾರಿ ವಸತಿಗೃಹಗಳ ಮಾಲಿಯಾಗಿ ಸೇರಿದ ದಿನ ನಾನು ಸಲಿಕೆ ಹಿಡಿಯುವ ಉಮೇದಿನಲ್ಲಿದ್ದೆ. ಹಿರಿಯ ಮಾಲಿ ಹಾಲಪ್ಪನವರು ನನ್ನ ಕೈಗೆ ಕೊಟ್ಟದ್ದು ಒಂದು ಪೊರಕೆ. ಬೇವಿನ ಮರಗಳು ಎಲೆ ಉದುರಿಸುವ ಕಾಲ. ಆವರಣದ ತುಂಬ ಹಳದಿ ಎಲೆ ಹಾಸಿಕೊಂಡಿತ್ತು. ಮಧ್ಯಾಹ್ನದವರೆಗೆ ಗುಡಿಸಿ ಗುಡ್ಡೆ ಹಾಕಿ, ಬೆಂಕಿ ಹಚ್ಚಲು ಕಡ್ಡಿಪೆಟ್ಟಿಗೆ ತೆಗೆದೆ. ಹಾಲಪ್ಪನವರು ಬಂದು ಕೈ ಹಿಡಿದುಕೊಂಡರು.

"ಸುಡಬ್ಯಾಡಲೇ ಕೊಟ್ರೇಶಿ. ಗುಂಡ್ಯಾಗ ಹಾಕಿ ಮ್ಯಾಲ ಮಣ್ಣು ಎಳಿ. ಮಳಿಗಾಲಕ್ಕ ನಮಗ ಬೇಕಾಗೋದು ಇದ."

ಅವರು ಹೂವಿನಹಡಗಲಿ ಕಡೆಯವರು. ಮನೆತನದಲ್ಲಿ ಮಲ್ಲಿಗೆ ಬೆಳೆದವರು. ಮಾತು ಕಡಿಮೆ. ಹೇಳಿದ್ದನ್ನು ಎರಡನೇ ಸಲ ಹೇಳುತ್ತಿರಲಿಲ್ಲ. ಈಗ ನನ್ನ ಜಾಗಕ್ಕೆ ಹೊರಗುತ್ತಿಗೆಯ ಮೇಲೆ ಬಂದಿರುವ ಹೊಸಬರು ಆಗಾಗ ನನ್ನ ಮನೆಗೆ ಬಂದು, ಯಾವ ತಿಂಗಳಲ್ಲಿ ಏನು ಮಾಡಬೇಕು ಎಂದು ಕೇಳುತ್ತಾರೆ. ನಾನು ಹೇಳುವುದೆಲ್ಲ ಹಾಲಪ್ಪನವರಿಂದ ಕಲಿತದ್ದೇ. ಕೈತೋಟದ ವರ್ಷ ಬೇವಿನ ಎಲೆ ಉದುರುವಾಗ ಶುರುವಾಗುತ್ತದೆ. ಆ ಎಲೆ ಗೊಬ್ಬರದ ಗುಂಡಿಗೆ ಹೋಗಬೇಕು. ಬಿಸಿಲು ಏರುವ ಮೊದಲು ಗಿಡಗಳ ಬುಡಕ್ಕೆ ಹೊದಿಕೆ ಬೀಳಬೇಕು. ನಮ್ಮಲ್ಲಿ ಅದಕ್ಕೆ ಎಣ್ಣೆ ಮಿಲ್ಲಿನಿಂದ ಶೇಂಗಾ ಹೊಟ್ಟು ಚೀಲಗಟ್ಟಲೆ ಸಿಗುತ್ತಿತ್ತು. ಬರೀ ಹೊಟ್ಟು ಹಾಕಿದರೆ ಗೆದ್ದಲು ಬರುತ್ತದೆ, ಒಂದಿಷ್ಟು ಬೇವಿನ ಹಿಂಡಿ ಕಲಸಬೇಕು. ಮೊದಲ ಮಳೆ ಬಿದ್ದ ಮೇಲೆ ಹೀರೆ, ಹಾಗಲ, ಪಡವಲ ಬೀಜ ಊರಿ ಬೇಲಿಗೆ ಹಬ್ಬಿಸುವುದು. ದೀಪಾವಳಿಗೆ ಕೈಗೆ ಬರುವಂತೆ ಚೆಂಡು ಹೂವಿನ ಸಸಿ ನೆಡುವುದು. ಚಳಿ ಬಿದ್ದಾಗ ಮೆಂತ್ಯ, ಕೊತ್ತಂಬರಿ, ಬದನೆ. ಸಂಕ್ರಾಂತಿಯ ಹಿಂದೆ ಮುಂದೆ ಮಲ್ಲಿಗೆಗೆ ನೀರು ನಿಲ್ಲಿಸಿ, ಎಲೆ ಸೊರಗಿದ ಮೇಲೆ ಕತ್ತರಿ ಹಾಕುವುದು. ಮಲ್ಲಿಗೆ ಬಳ್ಳಿಯನ್ನು ಬೋಳು ಮಾಡಿ ನಿಲ್ಲಿಸಿದಾಗ ಮನೆಯ ಹೆಣ್ಣುಮಕ್ಕಳು ನನ್ನನ್ನು ಬಯ್ಯದ ವರ್ಷವೇ ಇಲ್ಲ. ಬೇಸಿಗೆಯಲ್ಲಿ ಅದೇ ಬಳ್ಳಿ ಬಿಳಿಯಾದಾಗ ಯಾರೂ ಹಿಂದಿನ ಬೈಗುಳ ನೆನೆಯುತ್ತಿರಲಿಲ್ಲ.

ನೀರಿನ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಮೊದಲು ತೊಟ್ಟಿಯಿಂದ ಕೊಡದಲ್ಲಿ ಹೊತ್ತು ಹಾಕುತ್ತಿದ್ದೆವು. ಒಂದೊಂದು ಗಿಡದ ಮುಂದೆಯೂ ಬಗ್ಗುವುದರಿಂದ ಯಾವ ಎಲೆಗೆ ಹುಳ ಬಿದ್ದಿದೆ ಎಂಬುದು ತಾನಾಗಿ ಗೊತ್ತಾಗುತ್ತಿತ್ತು. ಆಮೇಲೆ ರಬ್ಬರ್ ಪೈಪು ಬಂತು, ಬೆನ್ನು ಉಳಿಯಿತು. ಆಮೇಲೆ ಹನಿ ನೀರಾವರಿಯ ಕರಿ ಪೈಪು ಬಂತು. ಬಾಯಾರಿದ ಅಳಿಲುಗಳು ಅದನ್ನು ಕಡಿದು ಹಾಕುತ್ತಿದ್ದವು. ಒಂದು ತಟ್ಟೆಯಲ್ಲಿ ಅವಕ್ಕೇ ಬೇರೆ ನೀರಿಟ್ಟ ಮೇಲೆ ಕಡಿಯುವುದು ಕಡಿಮೆಯಾಯಿತು. ಬಚ್ಚಲ ನೀರನ್ನು ಕಾಲುವೆ ಮಾಡಿ ಹಿತ್ತಲ ಬಾಳೆಗೆ ತಿರುಗಿಸಿದ್ದು ನನ್ನ ಕಾಲದ ಕೆಲಸ. ಅದು ಈಗಲೂ ಹಾಗೇ ಹರಿಯುತ್ತಿದೆ ಎಂದು ಹೊಸಬರು ಹೇಳಿದಾಗ ಸಂತೋಷವಾಗುತ್ತದೆ.

ಮೇಲಿನವರ ವಿಷಯ ಹೇಳದಿದ್ದರೆ ಮಾಲಿಯ ಕೆಲಸ ಹೇಳಿದಂತಾಗುವುದಿಲ್ಲ. ನೆಲ ಒಂದೇ ಇರುತ್ತದೆ, ಸಾಹೇಬರು ಬದಲಾಗುತ್ತಿರುತ್ತಾರೆ. ಒಬ್ಬರಿಗೆ ತರಕಾರಿ ಬೇಕು, ಇನ್ನೊಬ್ಬರಿಗೆ ಹೂವು. ಒಬ್ಬರು ದಾಸವಾಳ ಹಚ್ಚಿಸಿದರೆ ಮುಂದೆ ಬಂದವರು ಅದೇ ಗುಂಡಿಯಲ್ಲಿ ಕರಿಬೇವು ಹಚ್ಚಿಸುತ್ತಿದ್ದರು. ಆವರಣದ ತುದಿಯಲ್ಲಿ ಒಂದು ದೊಡ್ಡ ಮನೆ ಇತ್ತು. ಅದರ ಮುಂದಿನ ಅಂಗಳದಲ್ಲಿ ಹಾಲಪ್ಪನವರು ತಮ್ಮೂರಿಂದ ತಂದ ಮಲ್ಲಿಗೆ ಬಳ್ಳಿಗಳಿದ್ದವು. ಮಳೆ ಚೆನ್ನಾಗಿ ಬೀಳುವ ಕಡೆಯಿಂದ ವರ್ಗವಾಗಿ ಬಂದ ಸಾಹೇಬರೊಬ್ಬರು ಆ ಮನೆಗೆ ಬಂದ ವಾರದಲ್ಲೇ ನಮ್ಮಿಬ್ಬರನ್ನು ಕರೆದು, "ಇಲ್ಲಿ ಪೂರ್ತಿ ಹುಲ್ಲುಹಾಸು ಮಾಡಿ. ಸಂಜೆ ಕುರ್ಚಿ ಹಾಕ್ಕೊಂಡು ಕೂತ್ಕೋಬೇಕು," ಎಂದರು.

ಹಾಲಪ್ಪನವರು ಮಳೆ ಹಿಡಿಯುವವರೆಗೆ ಕಾಯ್ದು, ಮಲ್ಲಿಗೆಯನ್ನು ಬುಡದ ಮಣ್ಣು ಸಮೇತ ಎತ್ತಿ ಮನೆಯ ಪಕ್ಕಕ್ಕೆ ಸಾಗಿಸಿದರು. ಹುಲ್ಲಿನ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕೆಂಪು ಮಸಾರಿ ನೆಲದಲ್ಲಿ, ಬೆಣಚುಕಲ್ಲು ಆರಿಸಿ, ಮರಳು ಗೊಬ್ಬರ ಕೂಡಿಸಿ, ಗರಿಕೆಯ ಗೆಣ್ಣುಗಳನ್ನು ಒಂದೊಂದಾಗಿ ಊರಿದೆ. ಹೊತ್ತು ಮುಳುಗುವಾಗ ನೀರು. ಬೆಳಿಗ್ಗೆ ನೆಲ ಸಮವಾಗಲು ಕಲ್ಲಿನ ರೋಲರು. ಊರಿದ ಗೆಣ್ಣುಗಳು ಒಂದಕ್ಕೊಂದು ಕೈ ಚಾಚಿ ಕೂಡುವಷ್ಟರಲ್ಲಿ ಸಾಹೇಬರಿಗೆ ವರ್ಗದ ಆದೇಶ ಬಂತು. ಆ ಹುಲ್ಲಿನ ಮೇಲೆ ಅವರು ಒಂದು ಸಂಜೆಯೂ ಕೂರಲಿಲ್ಲ. ಲಾರಿಗೆ ಸಾಮಾನು ಏರಿಸುವಾಗ ಕುರ್ಚಿಗಳೇ ಮೊದಲು ಹೋದವು.

ಅಷ್ಟರಲ್ಲಿ ಹಾಲಪ್ಪನವರೂ ನಿವೃತ್ತರಾದರು. ಹುಲ್ಲು ನನ್ನ ಕೊರಳಿಗೆ ಉಳಿಯಿತು. ನಿಜ ಹೇಳಬೇಕೆಂದರೆ ನನಗೆ ಅದರ ಮೇಲೆ ಪ್ರೀತಿ ಬೆಳೆದಿತ್ತು. ಸುತ್ತಲ ಊರು ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿದಾಗ ಅದೊಂದು ತುಂಡು ಹಸಿರಾಗಿರುತ್ತಿತ್ತು. ಹೆದ್ದಾರಿಯಲ್ಲಿ ಹೋಗುವ ಬಸ್ಸಿನವರು ಗೇಟಿನ ಸಂದಿಯಿಂದ ಅದನ್ನು ನೋಡುತ್ತಾರೆ ಎಂದು ನನಗೊಂದು ಹೆಮ್ಮೆ. ಹಲವು ವರ್ಷ ಅದನ್ನು ಮಗುವಿನ ತಲೆಗೂದಲಿನಂತೆ ಕತ್ತರಿಸಿ ಕಾಪಾಡಿದೆ.

ನನ್ನ ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿದ್ದಾಗ ಆ ಮನೆಗೆ ದುರುಗಪ್ಪ ಎಂಬ ಇಂಜಿನಿಯರ್ ಸಾಹೇಬರು ಬಂದರು. ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಯವರು. ಅವರ ಮನೆತನದಲ್ಲಿ ಆಫೀಸಿನ ಕುರ್ಚಿಯಲ್ಲಿ ಕೂತವರು ಅವರೇ ಮೊದಲಿಗರು. ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಪುಸ್ತಕಗಳು. ಹೆಂಡತಿ ಸುಜಾತಾ ಹರಪನಹಳ್ಳಿ ತಾಲ್ಲೂಕು ಬಾಗಳಿಯ ಹತ್ತಿರದವರು, ಶಾಲೆಯಲ್ಲಿ ಟೀಚರು. ಇಬ್ಬರೂ ನನ್ನನ್ನು "ಕೊಟ್ರೇಶಣ್ಣ" ಎಂದೇ ಕರೆಯುತ್ತಿದ್ದರು. ಸಾಹೇಬರಿಗೆ ಗುಲಾಬಿ ಎಂದರೆ ಬಹಳ ಇಷ್ಟ. ಹುಲ್ಲಿನ ಅಂಚಿಗೆ ಸಾಲಾಗಿ ಗುಲಾಬಿ ಹಚ್ಚಿಸಿದರು. ಆಫೀಸಿಗೆ ಹೊರಡುವ ಮೊದಲು ಒಂದೊಂದು ಗಿಡದ ಹತ್ತಿರ ನಿಂತು ಮೊಗ್ಗು ನೋಡಿಯೇ ಜೀಪು ಹತ್ತುತ್ತಿದ್ದರು.

ತಂದೆ ತೀರಿಕೊಂಡ ಮೇಲೆ ಅವರು ತಾಯಿಯನ್ನು ಕರೆತಂದರು. ಹೆಸರು ಹುಲಿಗೆಮ್ಮ. ತೆಳ್ಳಗೆ, ಎತ್ತರದ ಮುದುಕಿ. ಬದುಕಿನುದ್ದಕ್ಕೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವರು. ಈಗ ಅವರಿಗೆ ನೆನಪು ಹೋಗುವ ಕಾಯಿಲೆ ಹತ್ತಿತ್ತು. ಮಗನನ್ನು ಒಮ್ಮೆ ಮಗನೆನ್ನುವರು, ಒಮ್ಮೆ ತಮ್ಮನೆನ್ನುವರು. ಉಂಡದ್ದು ಮರೆಯುವರು. ಸೊಸೆಯನ್ನು ಮಾತ್ರ ಬಹಳ ಮರ್ಯಾದೆಯಿಂದ "ಬಾಯಾರ" ಎಂದು ಮಾತಾಡಿಸುವರು, ಯಾರೋ ಹೊಲದ ಯಜಮಾನಿ ಎಂಬಂತೆ.

ಅವರು ಬಂದ ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಬಂದಾಗ ಚೆಂಡು ಹೂವಿನ ಸಸಿಗಳೆಲ್ಲ ಕಿತ್ತು ಬಿದ್ದಿದ್ದವು. ಚೆಲ್ಲಾಪಿಲ್ಲಿಯಾಗಿ ಬಿದ್ದಿರಲಿಲ್ಲ. ಕಾಲುದಾರಿಯ ಮೇಲೆ ಬೇರು ಮೇಲೆ ಮಾಡಿ, ಸಣ್ಣ ಸಣ್ಣ ಗುಪ್ಪೆಯಾಗಿ ಜೋಡಿಸಿಟ್ಟಿತ್ತು. ಕಿತ್ತ ಕಳೆ ಮತ್ತೆ ಬೇರು ಬಿಡಬಾರದೆಂದು ಹೊಲದಲ್ಲಿ ಹಾಗೆ ಇಡುತ್ತಾರೆ. ಹುಲಿಗೆಮ್ಮನವರು ಸೀರೆ ಎತ್ತಿ ಕಟ್ಟಿ, ಹುಲ್ಲುಹಾಸಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಗರಿಕೆಯನ್ನು ಗೆಣ್ಣು ಸಮೇತ ಎಳೆಯುತ್ತಿದ್ದರು.

"ಯಮ್ಮಾ, ಅದನ್ನ ಕೀಳಬ್ಯಾಡ್ರಿ," ಎಂದೆ.

ಅವರು ತಲೆ ಎತ್ತಿ ನನ್ನನ್ನು ಮರುಕದಿಂದ ನೋಡಿದರು. "ಹೊಲದಾಗ ಇಷ್ಟು ಕರಿಕಿ ಬಿಟ್ಟುಕೊಂಡು ಏನ್ ಬೇಸಾಯ ಮಾಡ್ತೀಯೋ ತಮ್ಮಾ," ಎಂದರು.

ಅವರ ಕಡೆಯಿಂದ ನೋಡಿದರೆ ಮಾತು ಸರಿಯಾಗಿಯೇ ಇತ್ತು. ಗರಿಕೆಯಷ್ಟು ಹಟದ ಕಳೆ ನಮ್ಮ ಸೀಮೆಯ ಹೊಲಗಳಲ್ಲಿ ಇನ್ನೊಂದಿಲ್ಲ.

ಇದು ದಿನದಿನದ ಮಾತಾಯಿತು. ಎಲೆಕೋಸಿನ ಸಸಿ ಹೋಯಿತು. ಕ್ರೋಟನ್ ಹೋಯಿತು. ಒಂದು ಬೆಳಿಗ್ಗೆ ಸೆರಗನ್ನು ಕೈಗೆ ಸುತ್ತಿಕೊಂಡು ಸಾಹೇಬರ ಗುಲಾಬಿಗೇ ಕೈ ಹಾಕಿದರು. ಅವತ್ತು ಆಫೀಸಿನ ಯಾರೋ ಇಬ್ಬರು ಮನೆಗೆ ಬಂದಿದ್ದರು. ಅವರೆದುರಿಗೆ ಅಮ್ಮ ಮಣ್ಣು ಮೆತ್ತಿದ ಕೈಯಲ್ಲಿ ಗುಲಾಬಿ ಗಿಡ ಹಿಡಿದು ನಿಂತಿದ್ದನ್ನು ಕಂಡು ಸಾಹೇಬರ ಮುಖ ಸಣ್ಣದಾಯಿತು. ಬಂದವರು ಹೋದ ಮೇಲೆ ನನ್ನನ್ನು ಕರೆದರು.

"ಕೊಟ್ರೇಶಣ್ಣ, ಗೇಟಿಗೆ ಒಂದು ಚಿಲಕ ಹಾಕ್ಸು. ಮುಂದಿನ ಬಾಗಿಲಿಗೂ ಮ್ಯಾಲ ಒಂದು. ಯವ್ವ ಹೊರಗ ಬರೋದು ಬ್ಯಾಡ."

ಚಿಲಕ ಹಾಕಿಸಿದೆ. ತೋಟ ಉಳಿಯಿತು. ಹುಲಿಗೆಮ್ಮನವರು ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತ, ಬಲಗೈಯ ಬೆರಳುಗಳನ್ನು ಮಡಿಲಲ್ಲಿ ಆಡಿಸುತ್ತಿದ್ದರು, ಏನನ್ನೋ ಕೀಳುತ್ತಿರುವ ಹಾಗೆ. ಊಟ ಕಡಿಮೆಯಾಯಿತು. ನಾನು ಕಿಟಕಿಯ ಕೆಳಗಿನ ಮಡಿ ಅಗೆಯುವಾಗ, "ತಮ್ಮಾ, ಮಳಿ ಆಗೇತಿ, ಹದ ಐತಿ. ನನ್ನ ಹೊರಗ ಬಿಡೋ," ಎಂದು ಕೇಳುತ್ತಿದ್ದರು. ಆ ಕಿಟಕಿಯ ಹತ್ತಿರದ ಕೆಲಸವನ್ನು ನಾನು ಮುಂದೂಡತೊಡಗಿದೆ.

ಆಷಾಢದ ಒಂದು ದಿನ ಗ್ಯಾಸ್ ಸಿಲಿಂಡರ್ ತಂದವನು ಹೋಗುವಾಗ ಗೇಟು ತೆಗೆದೇ ಹೋದ. ಸುಜಾತಾ ಮೇಡಂ ಶಾಲೆಗೆ ಹೋಗಿದ್ದರು. ಮನೆಗೆಲಸದ ಹೆಂಗಸು ಸಿಲಿಂಡರ್ ಒಳಗೆ ಉರುಳಿಸಿಕೊಂಡು ಹೋಗಿ ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ನಾನು ಆವರಣದ ಇನ್ನೊಂದು ತುದಿಯಲ್ಲಿ ಹೀರೆ ಬಳ್ಳಿಗೆ ಚಪ್ಪರ ಹಾಕುತ್ತಿದ್ದೆ. ಕೂಗು ಕೇಳಿ ಓಡಿಬಂದೆ.

ಸಾಹೇಬರು ಜೀಪಿನಲ್ಲಿ ಬಸ್ ನಿಲ್ದಾಣ, ಸಂತೆ ಮೈದಾನ, ಆಸ್ಪತ್ರೆ ಎಲ್ಲ ಸುತ್ತಿದರು. ಮೇಡಂ ಶಾಲೆಯಿಂದ ಬಂದು ಬೀದಿ ಬೀದಿಯಲ್ಲಿ ಕೇಳಿದರು. ನಾನು ಸೈಕಲ್ ಹತ್ತಿ ಕೊಟ್ಟೂರಿನ ರಸ್ತೆ ಹಿಡಿದೆ. ಊರು ಮುಗಿದು ಹೊಲಗಳು ಶುರುವಾದವು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಎಲ್ಲ ಕಡೆ ಶೇಂಗಾ ಎದ್ದು ನಿಂತಿತ್ತು, ಎಲ್ಲ ಕಡೆ ಹೆಂಗಸರು ಸಾಲು ಹಿಡಿದು ಕಳೆ ತೆಗೆಯುತ್ತಿದ್ದರು. ಮುಂದಿನ ಹಳ್ಳಿಯ ತನಕ ಹೋಗಿ, ಸಿಗದೆ, ಅದೇ ದಾರಿಯಲ್ಲಿ ತಿರುಗಿ ಬರುತ್ತಿದ್ದೆ. ಒಂದು ಹೊಲದ ಬದುವಿನಲ್ಲಿ ನೀರು ಕುಡಿಯುತ್ತಿದ್ದ ಹೆಂಗಸು ಕೂಗಿ ಕೇಳಿದಳು.

"ಯಾರ್ನ ಹುಡುಕಾಕತ್ತೀರಿ ಅಣ್ಣಾರ? ಅವಾಗಿಂದ ಅಡ್ಡಾಡಾಕತ್ತೀರಿ."

ಹೇಳಿದೆ.

"ಹಂಗಾದ್ರ ನಮ್ಮ ಹೊಸಾಕಿನ ಇರಬೇಕು ನೋಡ್ರಿ. ಹೊತ್ತೇರೋದ್ರಾಗ ಬಂದು ಸಾಲಿಗೆ ಕುಂತಳು. ಯಾವೂರಂದ್ರ ಹೇಳವಲ್ಲಳು. ಯಾರೋ ಕರಕೊಂಡು ಬಂದಿರಬೇಕಂತ ನಾವು ಸುಮ್ನಾದಿವಿ. ನಮ್ಮ ಬುತ್ತಿನ ಉಂಡಾಳ. ಕೈ ಮಾತ್ರ ಭಾಳ ಜೋರು ಐತಿ."

ನಾನು ಆ ಹೊಲದ ಪಕ್ಕದಲ್ಲೇ ಹೋಗಿದ್ದೆ. ಬಗ್ಗಿದ ಬೆನ್ನುಗಳ ಸಾಲಿನಲ್ಲಿ ಅವರ ಬೆನ್ನು ನನಗೆ ಬೇರೆಯಾಗಿ ಕಂಡಿರಲಿಲ್ಲ. ಈಗ ನೋಡಿದೆ. ಎಲ್ಲರಿಗಿಂತ ಒಂದು ಮಾರು ಮುಂದೆ ಹುಲಿಗೆಮ್ಮನವರು ಇದ್ದರು. ಯಾರೋ ಕೊಟ್ಟ ಕುರ್ಚಿಗಿ, ಕಳೆ ತೆಗೆಯುವ ಸಣ್ಣ ಕುಡುಗೋಲು, ಕೈಯಲ್ಲಿತ್ತು. ಮುಖದಲ್ಲಿ ಮಣ್ಣು, ಬೆವರು. ಆ ಮುಖವನ್ನು ಅಷ್ಟು ನೆಮ್ಮದಿಯಾಗಿ ನಾನು ಕಿಟಕಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಫೋನು ಮಾಡಿದೆ. ಜೀಪು ಬಂತು. ಸಾಹೇಬರೂ ಮೇಡಮ್ಮೂ ಇಳಿದು ಬದುವಿಗೆ ಓಡಿ ಬಂದರು. ಸಾಹೇಬರು "ಯವ್ವಾ, ಏಳು, ಮನಿಗೆ ಹೋಗೂಣು," ಎಂದರು.

"ಸಾಲು ಮುಗಿಸಿ ಬರ್ತೀನಿ ತಡಿ," ಎಂದು ಅಮ್ಮ ತಲೆ ಎತ್ತದೆ ಹೇಳಿದರು.

"ಸಾಲು ಅವ್ರು ಮುಗಸ್ತಾರ. ನೀ ಏಳು."

"ನಡುವ ಬಿಟ್ಟು ಹೋದ್ರ ನಾಳಿ ಕರಿತಾರೇನ?"

ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಅಮ್ಮನ ಮುಂದೆ ಇನ್ನೂ ಅರ್ಧ ಸಾಲು ಉಳಿದಿತ್ತು. ಸಾಹೇಬರು ಬದುವಿನ ಮೇಲೆ ಬೂಟು ಬಿಚ್ಚಿಟ್ಟು, ಪ್ಯಾಂಟು ಮಡಚಿ, ಸಾಲಿನ ಆ ತುದಿಗೆ ಹೋಗಿ ಕೂತು ಕಳೆ ಕೀಳಲು ಶುರು ಮಾಡಿದರು. ಕೈ ಮರೆತಿರಲಿಲ್ಲ. ಚಿಕ್ಕಂದಿನಲ್ಲಿ ರಜೆ ದಿನ ಅಮ್ಮನ ಜೊತೆ ಹೋಗುತ್ತಿದ್ದರೆಂದು ಆಮೇಲೆ ಹೇಳಿದರು. ಅಮ್ಮ ಈ ಕಡೆಯಿಂದ, ಮಗ ಆ ಕಡೆಯಿಂದ. ಇಬ್ಬರೂ ನಡುವೆ ಕೂಡಿದಾಗ ಅಮ್ಮ ಕುರ್ಚಿಗಿ ಒರೆಸಿ, ಸೊಂಟಕ್ಕೆ ಕೈ ಕೊಟ್ಟು ಎದ್ದರು. ಎದುರಿಗಿದ್ದವನ ಮುಖ ನೋಡಿ, "ಛಲೋ ತಗದೀಯಪ್ಪಾ. ಯಾರ ಮಗ ನೀನು?" ಎಂದು ಕೇಳಿದರು.

"ಹುಲಿಗೆಮ್ಮನ ಮಗ," ಎಂದರು ಸಾಹೇಬರು.

ಅಮ್ಮ ತಲೆಯಾಡಿಸಿ ಜೀಪಿನ ಕಡೆ ನಡೆದರು. ಮೇಡಂ ಮಾತ್ರ ಹೊಲದಲ್ಲೇ ನಿಂತಿದ್ದರು. ಅತ್ತೆ ಹಾದು ಬಂದ ಸಾಲುಗಳನ್ನು ಬಗ್ಗಿ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ನಾನು ಬಂದೊಡನೆ ಮೇಡಂ ಹೊರಗೆ ಬಂದರು. "ಕೊಟ್ರೇಶಣ್ಣ, ಒಂದು ಮಾತು ಕೇಳ್ತೀನಿ. ನಿನ್ನೆ ಆ ಹೊಲದಲ್ಲಿ ಅತ್ತೆ ಒಂದು ಶೇಂಗಾ ಗಿಡನೂ ಕಿತ್ತಿಲ್ಲ. ನೋಡಿದ್ರಾ? ನಮ್ಮನೇಲಿ ಮಾತ್ರ ಒಂದು ಗಿಡನೂ ಬಿಟ್ಟಿಲ್ಲ."

"ಹೌದ್ರಿ ಮೇಡಂ."

"ಅಂದ್ರೆ ಅವರಿಗೆ ಬೆಳೆ ಗೊತ್ತಾಗುತ್ತೆ. ಗುಲಾಬಿ, ಕ್ರೋಟನ್ನು ಅವರು ಯಾವ ಹೊಲದಲ್ಲೂ ನೋಡಿಲ್ಲ. ಅದಕ್ಕೆ ಕಸ ಅಂತ ಕೀಳ್ತಾರೆ." ಅವರು ಹುಲ್ಲುಹಾಸಿನ ಕಡೆ ನೋಡಿದರು. "ಇದನ್ನ ತೆಗೆದು ಶೇಂಗಾ ಹಾಕಿದ್ರೆ ಬರುತ್ತಾ?"

ಬರುತ್ತದೆ ಎಂದು ನನಗೆ ಗೊತ್ತಿತ್ತು. ಬಿತ್ತನೆ ಸ್ವಲ್ಪ ತಡವಾದರೂ ನೀರಿದ್ದರೆ ದೀಪಾವಳಿಯ ಹೊತ್ತಿಗೆ ಕಾಯಿ ಆಗುತ್ತದೆ. ಆದರೆ ಆ ಹುಲ್ಲು ನಾನು ಗೆಣ್ಣು ಗೆಣ್ಣು ಊರಿ ಬೆಳೆಸಿದ್ದು. ನಾನು ಬಿಟ್ಟು ಹೋಗುವ ಗುರುತು ಅದೊಂದೇ ಎಂದುಕೊಂಡಿದ್ದೆ. ಕಿಟಕಿಯಲ್ಲಿ ಹುಲಿಗೆಮ್ಮನವರು ಕೂತಿದ್ದರು. ಬೆರಳು ಮಡಿಲಲ್ಲಿ ಆಡುತ್ತಿತ್ತು.

"ಬರ್ತೈತ್ರಿ," ಎಂದೆ.

ಅಗೆಯಲು ಶುರು ಮಾಡಿದಾಗ ಮೊದಲ ಗುದ್ದಲಿ ಹಾಕುವುದು ಕಷ್ಟವಾಯಿತು. ಆಮೇಲೆ ಆಗಲಿಲ್ಲ. ಮೇಡಂ ಮುಂದಿನ ಬಾಗಿಲಿನ ಚಿಲಕ ತೆಗೆದು ಅಮ್ಮನನ್ನು ಕರೆತಂದರು. ನಾನು ಅಗೆದು ಹಾಕಿದ ಹೆಂಟೆಯಿಂದ ಗರಿಕೆಯ ಗೆಣ್ಣನ್ನು ಅವರು ಒಂದೂ ಬಿಡದೆ ಆರಿಸಿದರು. ಹಾಲಪ್ಪನವರಿದ್ದಿದ್ದರೆ ಮಲ್ಲಿಗೆ ಕಿತ್ತ ಜಾಗಕ್ಕೆ ಹೀಗೂ ಒಂದು ಕಾಲ ಬಂತೇ ಎಂದು ನಗುತ್ತಿದ್ದರೇನೋ. ಆರು ಸಾಲು ಶೇಂಗಾಕ್ಕೆ ಒಂದು ಸಾಲು ತೊಗರಿ ಹಾಕಿದೆವು. ಹೊಲದಲ್ಲಿ ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ಗುಲಾಬಿಗಳನ್ನು ಹಿತ್ತಲಿಗೆ ಸಾಗಿಸಿದೆ. ಅದಕ್ಕೆ ಸಾಹೇಬರೇ ಗುಂಡಿ ತೋಡಿದರು.

ಬೀಜ ಮೊಳೆತು ನಾಲ್ಕು ಎಲೆಯಾದಾಗ ನಾನು ಹೆದರಿಕೊಂಡೇ ಕಾದೆ. ಹುಲಿಗೆಮ್ಮನವರು ಬೆಳಿಗ್ಗೆ ಬಂದು ಸಾಲಿನ ತಲೆಯಲ್ಲಿ ಕೂತರು. ಶೇಂಗಾದ ಎಲೆಯನ್ನು ಕೈಯಿಂದ ಓರೆ ಮಾಡಿ, ಅದರ ಬುಡದಿಂದ ಗರಿಕೆಯ ಎಳೆಯೊಂದನ್ನು ತೆಗೆದು ಪಕ್ಕಕ್ಕಿಟ್ಟರು. ಆಮೇಲಿನ ದಿನಗಳಲ್ಲಿ ಅವರು ಊಟಕ್ಕೆ ಕರೆದರೆ ಬರುತ್ತಿದ್ದರು, ಮಲಗಿದರೆ ನಿದ್ದೆ ಹೋಗುತ್ತಿದ್ದರು. ಕೀಳಲು ಕಳೆ ಸಾಲದೆ ಬಂದಾಗ ನಾನು ನೀರು ಸ್ವಲ್ಪ ಹೆಚ್ಚು ಬಿಡುತ್ತಿದ್ದೆ. ಕಳೆ ಬೆಳೆಸಲು ನೀರು ಬಿಟ್ಟ ಮಾಲಿ ನಾನೊಬ್ಬನೇ ಇರಬೇಕು.

ನಮ್ಮ ಸೂಪರ್‌ವೈಸರ್ ಪರಮೇಶಪ್ಪನವರು ಕೆಟ್ಟವರಲ್ಲ, ಆದರೆ ಮೇಲಿನವರೆಂದರೆ ಅಂಜಿಕೆ. ಒಂದು ದಿನ ಗೇಟಿನಲ್ಲೇ ನಿಂತುಬಿಟ್ಟರು.

"ಏನೋ ಕೊಟ್ರೇಶಿ ಇದು? ಜಿಲ್ಲೆಯಿಂದ ದೊಡ್ಡ ಸಾಹೇಬ್ರು ವಸತಿಗೃಹ ನೋಡಾಕ ಬರೋರದಾರ. ಮನಿ ಮುಂದ ಶೇಂಗಾ ಹಾಕಿ ಕುಂತೀಯಲ್ಲ. ಅಷ್ಟರಾಗ ಕಿತ್ತು ಏನಾರ ಹೂವಿನ ಕುಂಡ ಇಡು."

"ಈಗ ಹೂವು ಆಗೇವ್ರಿ," ಎಂದೆ. ಹಳದಿ ಹೂವಿನ ಬುಡದಿಂದ ಸೂಜಿಯಂಥ ಎಳೆ ಮಣ್ಣಿಗೆ ಇಳಿಯುವ ಹೊತ್ತು ಅದು. ಆ ಎಳೆಯ ತುದಿಯಲ್ಲೇ ಕಾಯಿ ಕಟ್ಟುವುದು. ಆಗ ಕಿತ್ತರೆ ಏನೂ ಸಿಗುವುದಿಲ್ಲ.

"ಹೂವು ನೋಡಾಕ ಬರ್ತಾರೇನು ಅವ್ರು? ಇಂಜಿನಿಯರ್ ಸಾಹೇಬ್ರಿಗೂ ಹೇಳ್ತೀನಿ."

ಅವರು ಹೇಳಿದರು. ದುರುಗಪ್ಪ ಸಾಹೇಬರು, "ನೋಡೋಣ," ಎಂದಷ್ಟೇ ಅಂದರು. ನನಗೆ ಕೀಳು ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ದೊಡ್ಡ ಸಾಹೇಬರು ಬರುವ ದಿನ ನಾನು ಬೆಳಿಗ್ಗೆಯೇ ಬಂದು ಗೇಟಿನ ಹತ್ತಿರ ನಿಂತೆ. ಅಮ್ಮನನ್ನು ಒಳಗೆ ಕರೆದುಕೊಳ್ಳಲು ಹೇಳುತ್ತಾರೇನೋ ಎಂದು ಮನೆಯ ಕಡೆ ನೋಡುತ್ತಿದ್ದೆ. ಹುಲಿಗೆಮ್ಮನವರು ಎಂದಿನಂತೆ ಸಾಲಿನಲ್ಲಿ ಕೂತರು. ಅವರನ್ನು ಯಾರೂ ಏಳಿಸಲಿಲ್ಲ.

ಕಾರು ಬಂತು. ದೊಡ್ಡ ಸಾಹೇಬರು ಇಳಿದು, ಮಾತಾಡುತ್ತ ಬಂದವರು ಕಾಲುದಾರಿ ಬಿಟ್ಟು ಶೇಂಗಾದ ಮೇಲೆ ಒಂದು ಕಾಲಿಟ್ಟರು.

"ಏ ಯಪ್ಪಾ, ಸಾಲು ತುಳಿಬ್ಯಾಡ," ಎಂದರು ಹುಲಿಗೆಮ್ಮ.

ದೊಡ್ಡ ಸಾಹೇಬರು ಕಾಲು ಹಿಂದೆ ತೆಗೆದರು. "ಯಾರಿವರು?" ಎಂದು ದೊಡ್ಡ ಸಾಹೇಬರು ಕೇಳಿದರು. ಕೆಲಸದವರೋ ಎಂದು ಕೇಳಿದ ಹಾಗಿತ್ತು.

ದುರುಗಪ್ಪ ಸಾಹೇಬರು ಮುಂದೆ ಬಂದು ಅಮ್ಮನ ಪಕ್ಕದಲ್ಲಿ ನಿಂತರು. "ನಮ್ಮ ತಾಯಿ ಸರ್. ಕೂಲಿ ಮಾಡಿ ನನ್ನ ಓದಿಸಿದ್ರು. ಈಗ ಬ್ಯಾರೆ ಯಾವುದೂ ನೆನಪಿಲ್ಲ, ಕಸ ತೆಗಿಯೋದೊಂದು ನೆನಪೈತಿ. ಅದಕ್ಕ ಇದನ್ನ ಹಾಕೇವಿ," ಎಂದರು. ಕಚೇರಿಯವರೆದುರು ಅವರು ಆ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದೊಡ್ಡ ಸಾಹೇಬರು ಕಳೆ ಕೀಳುತ್ತಿದ್ದ ಅಮ್ಮನ ಬೆರಳುಗಳನ್ನು ನೋಡಿದರು. ಕಾಲುದಾರಿಗೆ ಬಂದು, ಅಂಚಿನಲ್ಲಿ ಹುಷಾರಾಗಿ ನಡೆದು ಒಳಗೆ ಹೋದರು. ಚಹಾ ಕುಡಿದು, ಸೋರುವ ಚಾವಣಿಯ ಮಾತಾಡಿ ಹೊರಟರು. ಶೇಂಗಾದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಸುಗ್ಗಿ ಮುಗಿದು ಕೆಲವೇ ತಿಂಗಳಿಗೆ ನಾನು ನಿವೃತ್ತನಾದೆ. ಮುಂದಿನ ಮಳೆಗಾಲಕ್ಕೂ ಅವರು ಶೇಂಗಾ ಹಾಕಿದರು. ಅದು ಎದ್ದು ನಿಲ್ಲುವಷ್ಟರಲ್ಲಿ ಹುಲಿಗೆಮ್ಮನವರು ತೀರಿಕೊಂಡರು. ಆ ಬೆಳೆಯ ಕಳೆ ಮಗ ಸೊಸೆ ಇಬ್ಬರೇ ತೆಗೆದರಂತೆ. ಈಗ ಅವರಿಗೆ ವರ್ಗವಾಗಿದೆ. ಆ ಮನೆಯಲ್ಲಿ ಬೇರೆ ಸಾಹೇಬರಿದ್ದಾರೆ, ಅಂಗಳದಲ್ಲಿ ಬೇರೆ ಗಿಡಗಳಿವೆ. ಹೊಸ ಮಾಲಿಗಳು ಬಂದು ನಿಮ್ಮ ಕೆಲಸದಲ್ಲಿ ಚೆನ್ನಾಗಿ ಬಂದ ತೋಟ ಯಾವುದು ಎಂದು ಕೇಳಿದರೆ ನನಗೆ ನೆನಪಾಗುವುದು ಆ ಒಂದು ಬೆಳೆ, ಅದನ್ನು ಕಿತ್ತ ಆ ದಿನ.

ದೀಪಾವಳಿ ಕಳೆದಿತ್ತು. ಎಲೆ ಹಳದಿಯಾಗಿ ಚುಕ್ಕೆ ಬಿದ್ದಿದ್ದವು. ರಜೆಯ ದಿನ ನೋಡಿ ಹಿಂದಿನ ಸಂಜೆ ನೆಲಕ್ಕೆ ನೀರು ಬಿಟ್ಟು ಮೆತ್ತಗೆ ಮಾಡಿದ್ದೆ. ಬೆಳಿಗ್ಗೆ ಎಲ್ಲರೂ ಇಳಿದೆವು. ಸಾಹೇಬರು, ಮೇಡಂ, ಪಕ್ಕದ ಮನೆಗಳ ಮೂರ್ನಾಲ್ಕು ಹೆಣ್ಣುಮಕ್ಕಳು, ನಾನು. ಯಾವ ಕೈಗೆ ಏನು ಕೆಲಸವೆಂದು ಹುಲಿಗೆಮ್ಮನವರು ಹೇಳಬೇಕಾಗಿರಲಿಲ್ಲ, ಎಲ್ಲರೂ ಅವರನ್ನು ನೋಡಿ ಮಾಡಿದರು. ಬಳ್ಳಿಯ ಬುಡ ಹಿಡಿದು ಎಳೆದು, ಮುಂಗೈಗೆ ಎರಡು ಸಲ ಬಡಿದು ಮಣ್ಣು ಉದುರಿಸಿ, ಕಾಯಿ ಮೇಲೆ ಮಾಡಿ ಇಡುವುದು. ಹಸಿ ಮಣ್ಣಿನ, ಹಸಿ ಕಾಯಿಯ ವಾಸನೆ ಅಂಗಳದ ತುಂಬ ಹಬ್ಬಿತು. ಬಿಸಿಲು ಏರಿದ ಮೇಲೆ ಬೇವಿನ ನೆರಳಲ್ಲಿ ಗುಡ್ಡೆಯ ಸುತ್ತ ಕೂತು ಕಾಯಿ ಬಿಡಿಸತೊಡಗಿದೆವು. ಮೇಡಂ ಒಂದು ಹಸಿ ಕಾಯಿ ಒಡೆದು ಅತ್ತೆಯ ಬಾಯಿಗಿಟ್ಟರು. ಅವರು ನಿಧಾನವಾಗಿ ಜಗಿದರು.

ಆಮೇಲೆ ಕೈ ನಿಲ್ಲಿಸಿ, ತೊಗರಿ ಸಾಲು ಮಾತ್ರ ಉಳಿದ ಅಂಗಳವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು.

"ಯಾರ ಹೊಲ ಇದು?" ಎಂದು ಕೇಳಿದರು.

'ಸರ್ಕಾರದ್ದು' ಎನ್ನುವುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಸಾಹೇಬರು ಅಮ್ಮನ ಎದುರಿಗೆ ಕೂತಿದ್ದರು. ಕಾಯಿ ಬಿಡಿಸುತ್ತಿದ್ದ ಕೈ ಹಾಗೇ ನಿಂತಿತ್ತು.

"ನಿಂದ ಯವ್ವಾ," ಎಂದರು. "ನಿನ್ನ ಹೊಲ ಇದು."

ಹುಲಿಗೆಮ್ಮನವರು ಮತ್ತೊಮ್ಮೆ ಗುಡ್ಡೆ ನೋಡಿದರು, ಸುತ್ತ ಕೂತ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ನಿಜವೋ ಸುಳ್ಳೋ ಎಂದು ಅಳೆಯುತ್ತಿರುವ ಹಾಗಿತ್ತು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ಸೆರಗು ಕೊಡವಿದರು.

"ಹಂಗಾದ್ರ ಆಳು ಮಂದಿನ ಇಷ್ಟೊತ್ತನಕ ಉಪವಾಸ ಕುಂದ್ರಸ್ತಾರೇನು," ಎಂದರು. "ಏಳ್ರಿ. ಕೈ ತೊಳಕೊಳ್ರಿ. ಉಂಡು ಮಾಡೀರಂತ."

ಮೊದಲು ಎದ್ದು ನಲ್ಲಿಯ ಹತ್ತಿರ ಹೋದವರು ಸಾಹೇಬರು. ಬಹಳ ಹೊತ್ತು ಮುಖ ತೊಳೆದುಕೊಂಡರು.